ಚರ್ಬಿಯ ಕೊಸರು

ಅರ್ಧ ಕೆಜಿ ಬದನೆಕಾಯಿ ತಗೊಂಡು ಎರಡು ಎಸಳು ಕರಿಬೇವು ಹಾಕಮ್ಮಾ ಅಂದರೆ ತರಕಾರಿಯವಳು ಈಗ ಮುಖ ಗಂಟಿಕ್ಕುತ್ತಾಳೆ. ಕೊತ್ತಂಬರಿಯಂತೂ ಕೇಳುವ ಹಾಗೇ ಇಲ್ಲ. ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹೋಗಿ ಡಿಜಿಟಲ್ ಕಾಟಾ ಬಂದ ಮೇಲೆ ನಾಲ್ಕು ಕಾಳು ಹೆಚ್ಚು ಬಿದ್ದರೂ ಬೆರಳಲ್ಲಿ ಎತ್ತಿ ವಾಪಸ್ ಹಾಕುತ್ತಾರೆ. ಇಂಥಾ ರಾಯಚೂರಿನಲ್ಲಿ ಇವತ್ತಿಗೂ ಕೇಳದೇ, ಬೇಡ ಬೇಡ ಅಂದರೂ ಬಿಡದೇ ಕೊಸರು ಹಾಕುವ ಧರ್ಮಾತ್ಮರು ಒಬ್ಬರೇ ಇದ್ದಾರೆ. ನಾವು ಮಟನ್ ತರುವ ಅಂಗಡಿಯ ಭಾಯ್. ಅವರು ಕೊಡುವ ಕೊಸರು, ಚರ್ಬಿ.

ನನಗೆ ಚರ್ಬಿ ಯಾಕೆ ಬೇಡ ಅಂದರೆ, ಅದರ ಹಿಂದೆ ಒಂದು ರಕ್ತದ ರಿಪೋರ್ಟ್ ಇದೆ. ನಮ್ಮ ಮನೆಯವರದು. ಕೊಲೆಸ್ಟ್ರಾಲ್ 200ರ ಗೆರೆ ದಾಟಿ ನಿಂತಿದೆ. ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ 100ರ ಒಳಗಿರಬೇಕಂತೆ, ಇಲ್ಲ. ಡಾಕ್ಟರು ಮಟನ್ ಬಿಡಿ ಅನ್ನಲಿಲ್ಲ. ರಾಯಚೂರಿನ ಡಾಕ್ಟರಲ್ವಾ, ಅವರಿಗೂ ಭಾನುವಾರ ಅಂತ ಒಂದು ಇರುತ್ತೆ. "ಕಮ್ಮಿ ಮಾಡ್ರಿ, ಚರ್ಬಿ ತೆಗೆದು ತಿನ್ರಿ" ಅಂದರು. ಬಿಡಿ ಅಂದಿದ್ದರೆ ನಮ್ಮವರು ಡಾಕ್ಟರನ್ನೇ ಬಿಡುತ್ತಿದ್ದರು. ತೆಗೆದು ತಿನ್ರಿ ಅಂದದ್ದರಿಂದ ತೆಗೆಯುವ ಕೆಲಸ ನನಗೆ, ತಿನ್ನುವ ಕೆಲಸ ಅವರಿಗೆ ಅಂತ ತಾನಾಗೇ ಹಂಚಿಕೆಯಾಯಿತು.

ತುಂಡು ಮಟನ್ ಆದರೆ ಕಷ್ಟವಿಲ್ಲ. ಚರ್ಬಿ ಬೆಳ್ಳಗೆ ಕಾಣುತ್ತೆ. ಚಾಕು ಹಿಡಿದು ಕೂತರೆ ಬಿಡಿಸಬಹುದು. ಆದರೆ ನಮ್ಮವರಿಗೆ ಬೇಕಾದ್ದು ಖೀಮಾ. ಒಮ್ಮೆ ಕೊಚ್ಚಿದ ಮೇಲೆ ಯಾವುದು ಮಾಂಸ, ಯಾವುದು ಚರ್ಬಿ ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಏನು ಮಾಡುವುದಿದ್ದರೂ ಕೊಚ್ಚುವುದಕ್ಕೆ ಮೊದಲೇ ಮಾಡಬೇಕು. ಎದೆ, ಪಕ್ಕೆ ಕಡೆಯದು ಬೇಡ, ಅಲ್ಲಿ ಚರ್ಬಿಯದೇ ಕಾರುಬಾರು. ತೊಡೆ ತೋರಿಸಬೇಕು. ಅದರ ಮೇಲಿನ ಬಿಳಿ ಪದರ ಕಣ್ಣೆದುರೇ ತೆಗೆಸಬೇಕು. ಸಾಧ್ಯವಾದರೆ ಕೈಯಲ್ಲೇ ಕೊಚ್ಚಿಸಬೇಕು. ಮಿಷಿನ್ ಹೊಟ್ಟೆಯಲ್ಲಿ ಹಿಂದಿನ ಗಿರಾಕಿಯದು ಸ್ವಲ್ಪ ಉಳಿದಿರುತ್ತೆ, ಅದು ನಮ್ಮ ಪಾಲಿಗೆ ಬರುತ್ತೆ. ಇಷ್ಟನ್ನೂ ನಾನು ಮಾಡುತ್ತೇನೆ.

ಭಾಯ್ ಕೆಲಸದಲ್ಲಿ ಪಳಗಿದವರು, ಅದರಲ್ಲಿ ಎರಡು ಮಾತಿಲ್ಲ. ಹುಣಸೆ ಮರದ ಕೊರಡು, ನಡುವೆ ಸವೆದು ಗುಂಡಿ ಬಿದ್ದಿದೆ. ಎರಡು ಕೈಗೂ ಒಂದೊಂದು ದಪ್ಪ ಕತ್ತಿ. ಟಕಟಕ ಶುರು ಮಾಡಿದರೆ ಫೋನ್ ಬಂದರೂ ನಿಲ್ಲಿಸುವುದಿಲ್ಲ. ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ಅತ್ತ ಯಾರಿಗೋ ಮದುವೆ ಆರ್ಡರ್ ಒಪ್ಪಿಕೊಳ್ಳುತ್ತಲೇ ಇತ್ತ ಕೊಚ್ಚುತ್ತಾರೆ. ತೊಡೆ ತೂಗುತ್ತಾರೆ. ಬಿಳಿ ಪದರ ತೆಗೆಯುತ್ತಾರೆ, ಮುಖ ಸಣ್ಣದು ಮಾಡಿಕೊಂಡೇ ಆದರೂ ತೆಗೆಯುತ್ತಾರೆ. ಇಲ್ಲಿವರೆಗೆ ಎಲ್ಲಾ ಸರಿ. ಮುಗಿಯುವ ಹೊತ್ತಿಗೆ ಅವರ ಎಡಗೈ ತನ್ನ ಪಾಡಿಗೆ ತಾನು ಹಿಂದಕ್ಕೆ ಹೋಗುತ್ತೆ. ಹಿಂದೆ ಒಂದು ಅಲ್ಯೂಮಿನಿಯಂ ಬೋಗುಣಿ. ಅದರಲ್ಲಿ ಬೆಳಗಿನಿಂದ ತೆಗೆದ ಚರ್ಬಿಯೆಲ್ಲ. ಕಣ್ಣು ಮಾತ್ರ ನನ್ನ ಕಡೆ.

"ಮಕ್ಕಳು ಹೆಂಗದಾರ್ರಿ ಅಕ್ಕಾರ? ಹುಡುಗಿ ಈ ವರ್ಷ ಹತ್ತನೇತ್ತ ಅಲ್ರಿ?"

ಹೌದು ಭಾಯ್ ಅನ್ನುವಷ್ಟರಲ್ಲಿ ಒಂದು ಹಿಡಿ ಬಂದು ಕೊರಡಿನ ಮೇಲೆ ಬಿದ್ದಿರುತ್ತೆ. ನಾಲ್ಕು ಏಟಿಗೆ ಖೀಮಾದಲ್ಲಿ ಮಾಯ.

"ಭಾಯ್! ಬ್ಯಾಡ ಅಂದಿದ್ನೆಲ್ರಿ!"

"ತೂಕದಾಗ ಹಿಡಿದಿಲ್ರಿ ಅಕ್ಕಾರ. ಕೊಸರು ಅದು."

ಇದಕ್ಕೇನು ಹೇಳುತ್ತೀರಿ? ತೂಕದಲ್ಲಿ ಹಿಡಿದಿದ್ದರೆ ಜಗಳ ಆಡಬಹುದಿತ್ತು. ದುಡ್ಡು ಕೊಟ್ಟಿದ್ದೇನೆ, ತೆಗೀರಿ ಅನ್ನಬಹುದಿತ್ತು. ಬಿಟ್ಟಿ ಕೊಟ್ಟದ್ದಕ್ಕೆ ಯಾವ ಬಾಯಲ್ಲಿ ಜಗಳ ಆಡುವುದು? ಹಿಂದೆ ನಿಂತ ಗಿರಾಕಿಗಳೆಲ್ಲ ನನ್ನನ್ನು ಒಂಥರಾ ನೋಡುತ್ತಾರೆ. ಒಬ್ಬರಂತೂ "ಅವ್ರಿಗೆ ಬ್ಯಾಡಂದ್ರ ನನಗ ಹಾಕ್ರಿ" ಅಂದರು. ಭಾಯ್ ಹಾಕಿದರು. ನನ್ನದರಿಂದ ತೆಗೆದಲ್ಲ, ಬೋಗುಣಿಯಿಂದ ಹೊಸದಾಗಿ ಇನ್ನೊಂದು ಹಿಡಿ.

ಒಂದು ಭಾನುವಾರ ಹಟ ಹಿಡಿದು ಅವರ ಎಡಗೈಯನ್ನೇ ನೋಡುತ್ತಾ ನಿಂತೆ. ಮಕ್ಕಳನ್ನು ಕೇಳಿದರು, ಉತ್ತರ ಕೊಡಲಿಲ್ಲ. ಬಿಸಿಲಿನ ಮಾತು ತೆಗೆದರು, ಹೂಂ ಅನ್ನಲಿಲ್ಲ. ಕೊನೆಗೆ "ಡ್ಯಾಮಿಗೆ ನೀರು ಬಂತಂತಲ್ರಿ" ಅಂದರು. ತುಂಗಭದ್ರಾ ಕಾಲುವೆಯ ಕೊನೇ ಭಾಗದಲ್ಲಿ ಬದುಕುವ ನಮಗೆ ಇದಕ್ಕಿಂತ ದೊಡ್ಡ ಆಮಿಷ ಇಲ್ಲ. ಆದರೂ ತಲೆ ಎತ್ತಲಿಲ್ಲ. ಎಡಗೈ ಹಿಂದೆ ಹೋಗಿ ಖಾಲಿ ಬಂತು. ಮತ್ತೆ ಹೋಯಿತು, ಮತ್ತೆ ಖಾಲಿ ಬಂತು. ಗೆದ್ದೆ ಅಂತ ಬೀಗುತ್ತಾ ಮನೆಗೆ ಬಂದು ಚೀಲ ಬಿಚ್ಚಿದೆ. ಖೀಮಾದ ಪಕ್ಕದಲ್ಲಿ ಬೇರೆಯೇ ಒಂದು ಸಣ್ಣ ಪ್ಲಾಸ್ಟಿಕ್ ಗಂಟು. ಒಳಗೆ ಚರ್ಬಿ. ಪಾಪ, ಕೊಚ್ಚಿಯೂ ಇಟ್ಟಿದ್ದರು.

ಕೇಳಿದರೆ ಅವರದೂ ಒಂದು ವಾದ ಇದೆ. ಚರ್ಬಿ ಇಲ್ಲದಿದ್ದರೆ ಖೀಮಾ ಒಣ ಒಣ ಆಗುತ್ತೆ, ಮಸಾಲೆ ಹಿಡಿಯೋದಿಲ್ಲ, ತಿಂದವರು ಅಂಗಡಿಯವನನ್ನು ಬೈಯುತ್ತಾರೆ. "ಹೆಸರು ನಂದು ಕೆಡ್ತೈತ್ರಿ." ಅಲ್ಲದೆ ಇದು ನಮ್ಮ ರಾಯಚೂರು, ಕೊಪ್ಪಳ ಸೀಮೆಯ ಕೆಂಗುರಿಯಂತೆ. ಕಂದು ಮೈ, ಉಣ್ಣೆಗಲ್ಲ, ಮಾಂಸಕ್ಕೇ ಹೆಸರಾದ ತಳಿ. ದಿನಾ ಬಿಸಿಲಲ್ಲಿ ಮೈಲಿಗಟ್ಟಲೆ ನಡೆದು ಮೇಯುವ ಜೀವ. "ಅದರ ಮೈಯಾಗ ಇರೋದs ಇಷ್ಟು, ಅದನ್ನೂ ತೆಗಿ ಅಂದ್ರ ಹೆಂಗ್ರಿ?" ಸರಿ ಭಾಯ್. ಕುರಿ ನಡೆಯುತ್ತೆ. ನಮ್ಮ ಮನೆಯವರು ನಡೆಯೋದಿಲ್ಲ. ತೊಂದರೆ ಇರುವುದೇ ಅಲ್ಲಿ.

ಅಂತೂ ಅಂಗಡಿಯಲ್ಲಿ ಸೋತ ಮೇಲೆ ಉಳಿಯುವುದು ಅಡುಗೆಮನೆ. ನಿನ್ನೆಯೂ ಹಾಗೇ ಆಯಿತು. ಕಬ್ಬಿಣದ ಬಾಣಲೆ ಕಾಯಿಸಿ, ಎಣ್ಣೆ ಒಂದು ಹನಿಯೂ ಹಾಕದೆ ಖೀಮಾ ಹಾಕುತ್ತೇನೆ. ಉಪ್ಪು, ಮಸಾಲೆ ಆಗಲೇ ಹಾಕಬಾರದು, ಆಮೇಲೆ ತೊಳೆದು ಹೋಗುತ್ತೆ. ಮೊದಲು ನೀರು ಬಿಡುತ್ತೆ. ಗಂಟು ಒಡೆಯುತ್ತಾ ತಿರುವುತ್ತಿದ್ದರೆ ಕೊತಕೊತ ಅನ್ನುತ್ತಿದ್ದದ್ದು ನಿಧಾನಕ್ಕೆ ಚಟಪಟ ಅನ್ನಲು ಶುರುವಾಗುತ್ತೆ. ನೀರು ಹೋಯಿತು, ಇನ್ನು ಕೆಳಗೆ ಹೊಳೆಯುತ್ತಿರುವುದೆಲ್ಲ ಚರ್ಬಿ ಅಂತ ಅರ್ಥ. ಬಾಣಲೆ ಓರೆ ಮಾಡಿ ಅದನ್ನು ಹಳೇ ಡಬ್ಬಿಗೆ ಬಸಿಯುತ್ತೇನೆ. ಆಮೇಲೆ ಖೀಮಾವನ್ನು ತೂತಿನ ಪಾತ್ರೆಗೆ ಸುರಿದು ಮೇಲಿಂದ ಬಿಸಿ ನೀರು. ಉಗುರು ಬೆಚ್ಚಗಿದ್ದರೆ ಸಾಲದು, ಕೈ ಇಡಲಾಗದಷ್ಟು ಬಿಸಿ ಇರಬೇಕು. ಹೀಗೆ ಹುರಿದು, ಬಸಿದು, ತೊಳೆದರೆ ಹತ್ತಿರ ಹತ್ತಿರ ಅರ್ಧ ಚರ್ಬಿ ಹೋಗುತ್ತೆ. ಪ್ರೋಟೀನ್, ಕಬ್ಬಿಣದ ಅಂಶ ಬಹುಪಾಲು ಉಳಿಯುತ್ತೆ. ರುಚಿಯೂ ಸ್ವಲ್ಪ ಹೋಗುತ್ತೆ, ಸುಳ್ಳು ಯಾಕೆ ಹೇಳಲಿ. ಅದಕ್ಕೆ ಒಂದು ಕಟ್ಟು ಮೆಂತ್ಯ ಸೊಪ್ಪು, ಎರಡು ಹಸಿಮೆಣಸಿನಕಾಯಿ ಹೆಚ್ಚಿಗೆ. ನೆನೆಸಿದ ಸೋಯಾ ಬೆರೆಸಿದರೆ ಮಾಂಸ ಇನ್ನೂ ಕಮ್ಮಿ ಸಾಕಾಗುತ್ತೆ, ಆದರೆ ಆ ಹೆಸರು ಎತ್ತಿದರೆ ನಮ್ಮವರು ಊಟದ ತಟ್ಟೆ ಮುಂದೆ ಕೂರೋದಿಲ್ಲ.

ಒಂದು ಗ್ರಾಂ ಪ್ರೋಟೀನ್‌ಗೆ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿಗೆ 9, ಅದಕ್ಕೇ ಇಷ್ಟೆಲ್ಲ ಒದ್ದಾಟ ಅಂತ ಅವರಿಗೆ ವಿವರಿಸಿದೆ. ಶ್ರದ್ಧೆಯಿಂದ ಕೇಳಿದರು. ಬಾಯಲ್ಲೇ ಲೆಕ್ಕ ಹಾಕಿದರು. "ಹಂಗಾದ್ರ ಉಳಿದಿದ್ದಕ್ಕ ಇನ್ನೆರಡು ರೊಟ್ಟಿ ತಿನ್ನಬಹುದು" ಅಂದರು. ತಿಂದರು. ಶೇಂಗಾ ಚಟ್ನಿಗೆ ಎಣ್ಣೆ ಕಲಸಿಕೊಂಡು.

ಅತ್ತೆ ಈ ತೊಳೆಯುವ ಕಾರ್ಯಕ್ರಮವನ್ನು ಬಾಗಿಲಲ್ಲೇ ನಿಂತು ನೋಡುತ್ತಾರೆ. "ಮಾಂಸ ಹಿಂಗ ತೊಳಿತಾರೇನವ್ವಾ, ಬಟ್ಟಿ ತೊಳದಂಗ?" ನಮ್ಮೂರ ಕೋಟೆಯಲ್ಲಿ 1294ರ ಶಾಸನ ಇರುವ ಕಲ್ಲೊಂದಿದೆ, 41 ಅಡಿಗೂ ಉದ್ದ. ಅದನ್ನು ಕೋಣಗಳನ್ನು ಹೂಡಿದ ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಗೋಡೆಯಲ್ಲಿ ಕೆತ್ತಿದ್ದಾರೆ. ಅಷ್ಟು ದೊಡ್ಡ ಕಲ್ಲು ಜರುಗಿತು, ಚರ್ಬಿಯ ವಿಷಯದಲ್ಲಿ ನಮ್ಮ ಅತ್ತೆ ಜರುಗೋದಿಲ್ಲ. ನಾನು ಎಸೆಯಲೆಂದು ಬಸಿದಿಟ್ಟ ಡಬ್ಬಿ ಎಂದೂ ಕಸದ ಗಾಡಿ ಮುಟ್ಟಿದ್ದಿಲ್ಲ. ಫ್ರಿಜ್ಜಿನ ಮೂಲೆಯಲ್ಲಿ, ನಿಂಬೆಹಣ್ಣಿನ ಹಿಂದೆ ಸಿಗುತ್ತೆ. ಮರುದಿನ ಬೇಳೆಗೆ ಒಗ್ಗರಣೆ ಹಾಕುವಾಗ ಮನೆ ತುಂಬಾ ಏನೋ ಘಮ್ಮೆನ್ನುತ್ತೆ. ನಮ್ಮವರು ಕೇಳದೇ ಇನ್ನೊಂದು ಸೌಟು ಬಡಿಸಿಕೊಳ್ಳುತ್ತಾರೆ.

ಒಂದು ಸಲ ಸಿಟ್ಟಿನಲ್ಲೇ ಕೇಳಿದೆ, ಇದನ್ನು ಯಾಕೆ ಎತ್ತಿಡ್ತೀರಿ ಅಂತ. ಅತ್ತೆಯ ತವರು ಲಿಂಗಸುಗೂರು ಕಡೆ ಹಳ್ಳಿ. ಅಲ್ಲಿ ಹಬ್ಬಕ್ಕೆ ಕುರಿ ಬಿದ್ದರೆ ಮಾಂಸವನ್ನು ಗುಡ್ಡೆ ಹಾಕಿ ಪಾಲು ಮಾಡುತ್ತಿದ್ದರಂತೆ. ಪ್ರತಿ ಗುಡ್ಡೆಗೂ ಒಂದೊಂದು ಚೂರು ಚರ್ಬಿ ಬೀಳಬೇಕು. ಯಾರ ಪಾಲಿಗೆ ಬೀಳಲಿಲ್ಲವೋ ಅವರು ವರ್ಷಗಟ್ಟಲೆ ಮಾತು ಬಿಡುತ್ತಿದ್ದರು. ಆ ಚೂರನ್ನು ಕರಗಿಸಿ ಎತ್ತಿಟ್ಟು ಎಷ್ಟೋ ದಿನ ಅದರಲ್ಲೇ ಒಗ್ಗರಣೆ. "1972ರ ಬರದಾಗ ನಾ ಸಣ್ಣಾಕಿ. ಕುರಿ ಮೈಯಾಗೂ ಚರ್ಬಿ ಇರ್ಲಿಲ್ಲ, ನಮ್ಮ ಮೈಯಾಗೂ ಇರ್ಲಿಲ್ಲ" ಅಂದರು. ಅಷ್ಟು ಹೇಳಿ ಡಬ್ಬಿ ಮುಚ್ಚಳ ಬಿಗಿ ಮಾಡಿ ಒಳಗಿಟ್ಟರು. ನಾನೂ ಸುಮ್ಮನಾದೆ. ಮನೆ ಮಗ ದಪ್ಪಗಾಗಿ ಕೊಲೆಸ್ಟ್ರಾಲ್ ಬರಿಸಿಕೊಂಡಿದ್ದಾನೆ ಅಂದರೆ ಅವರಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆ ಅಂತ ನನ್ನ ಗುಮಾನಿ.

ಇಷ್ಟಾದರೂ ಹೇಗೋ ನಡೆದಿತ್ತು. ನಿನ್ನೆ ನಮ್ಮವರಿಗೆ ಸಹಾಯ ಮಾಡುವ ಮನಸ್ಸು ಬಂತು. ಖೀಮಾ ತೊಳೆದ ನೀರನ್ನು ನಾನು ಪಾತ್ರೆಯಲ್ಲೇ ಬಿಟ್ಟು, ಆರಿದ ಮೇಲೆ ಹೆಪ್ಪುಗಟ್ಟಿದ್ದನ್ನು ಚಮಚದಲ್ಲಿ ಎತ್ತಿ ಎಸೆಯುತ್ತೇನೆ. ಅವರು ಪಾತ್ರೆ ಖಾಲಿ ಮಾಡಿಕೊಡೋಣ ಅಂತ ಇಡೀ ನೀರನ್ನು ಸಿಂಕಿಗೆ ಸುರಿದರು. ಮೇಲಿಂದ ತಣ್ಣೀರು ನಲ್ಲಿ ಬೇರೆ ಬಿಟ್ಟರು, ಸ್ವಚ್ಛವಾಗಲಿ ಅಂತ.

ಕುರಿ ಚರ್ಬಿಯ ಹಟ ನಿಮಗೆ ಗೊತ್ತಿರಬೇಕು. ಮೇ ತಿಂಗಳಲ್ಲಿ ನಮ್ಮೂರಲ್ಲಿ 40 ಡಿಗ್ರಿ ದಾಟಿದಾಗ ತುಪ್ಪ ಡಬ್ಬಿಯಲ್ಲೇ ನೀರಾಗಿರುತ್ತೆ. ಕುರಿ ಚರ್ಬಿ ಜಗ್ಗೋದಿಲ್ಲ. ಅದು ಕರಗೋದಕ್ಕೆ 45ರ ಆಸುಪಾಸು ಬೇಕು. ರಾಯಚೂರಿನ ಬಿಸಿಲಿಗೂ ಬಗ್ಗದ್ದು ತಣ್ಣೀರು ಬಿಟ್ಟರೆ ಕೇಳಬೇಕೇ? ಪೈಪಿನೊಳಗೆ ಅಲ್ಲೇ ಕೂತುಬಿಟ್ಟಿತು. ಅರ್ಧ ಗಂಟೆಗೆ ಸಿಂಕ್ ತುಂಬಿ, ಬೆಳಗಿನ ಚಹಾ ಪುಡಿಯೆಲ್ಲ ಮೇಲೆ ತೇಲತೊಡಗಿತು. "ಪೈಪ್ ಸಣ್ಣದೈತಿ" ಅಂದರು ನಮ್ಮವರು. ಎಂಟು ವರ್ಷದಿಂದ ಅದೇ ಪೈಪು.

ಭಾನುವಾರ ಪ್ಲಂಬರ್ ಸಿಗುವುದೇ ದೊಡ್ಡ ಮಾತು. ಸಿಕ್ಕ ಹುಡುಗ ಊಟದ ಹೊತ್ತಿಗೇ ಬಂದ. ಕೆಳಗಿನ ಬೆಂಡ್ ಬಿಚ್ಚಿ, ತಂತಿ ಹಾಕಿ ಎಳೆದ. ಬೆಳ್ಳಗೆ, ಮೇಣದಂಥ ಉಂಡೆ ಒಂದು ಬಕೆಟ್ಟಿಗೆ ಬಿತ್ತು. ಹುಡುಗ ಅದನ್ನು ನೋಡಿದ, ನನ್ನನ್ನು ನೋಡಿದ. "ಏನ್ರಿ ಅಕ್ಕಾರ ಇದು, ಹೋಟೆಲ್ ಇಟ್ಟೀರೇನ್ರಿ?" ಅಂದ. ನಮ್ಮವರು ಆ ಹೊತ್ತಿಗೆ ಪೇಪರ್ ಓದುತ್ತಿದ್ದರು. ಬೆಳಿಗ್ಗೆ ಓದಿ ಮುಗಿಸಿದ್ದ ಪೇಪರ್.

ಉಣ್ಣುವ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವ ಪದ್ಧತಿ ಅತ್ತೆಯದಲ್ಲ. ಎರಡು ಜೋಳದ ರೊಟ್ಟಿ, ಉಳ್ಳಾಗಡ್ಡಿ, ಮುಂದೆ ನನ್ನ ಖೀಮಾ. ಸೋಯಾ ಒಂದು ಕಾಳೂ ಇಲ್ಲದ, ಕೆಂಗುರಿಯ ತೊಡೆಯ, ಹುರಿದು ಬಸಿದು ತೊಳೆದ ಖೀಮಾ. ಹುಡುಗ ಒಂದು ತುತ್ತು ತಿಂದ, ತಲೆ ಆಡಿಸಿದ. ಇನ್ನೊಂದು ತುತ್ತಿಗೆ ಮುಖ ಅರಳಿತು.

"ಭಾರಿ ಆಗೈತ್ರಿ ಅಕ್ಕಾರ. ಥೇಟ್ ಮಟನ್ ಇದ್ದಂಗs ಐತಿ. ಯಾವ ಕಂಪನಿ ಸೋಯಾ ತರ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಇನ್ನೊಂದು ರೊಟ್ಟಿ ಹಾಕುತ್ತಾ ಹೇಳಿದರು, "ಕಂಪನೀದಲ್ಲಪಾ, ನಮ್ಮ ಸೊಸೀನs ಮಾಡ್ತಾಳ."