ಕಿವಿಯ ಹಿಂದೆ ಸೂಜಿ, ಕಿವಿಯ ಮುಂದೆ ಡಿಜೆ

ಬೆಳಿಗ್ಗೆ 6 ಗಂಟೆ 5 ನಿಮಿಷಕ್ಕೆ ನಮ್ಮ ಓಣಿಗೆ ಮೈಕ್ ಕಟ್ಟಿದ ಆಟೋ ಬಂತು. ‘ನಿದ್ದೆ ಬರುತ್ತಿಲ್ಲವೇ? ಇಂದೇ ಬನ್ನಿ, ಉಚಿತ ಅಕ್ಯುಪಂಕ್ಚರ್ ಶಿಬಿರ!’

ನನಗೆ ಕಣ್ಣು ಹತ್ತಿದ್ದೇ ನಾಲ್ಕೂವರೆಗೆ. ಬಾಗಿಲು ತೆಗೆದು ಕೇಳಿದೆ, ‘ಏನಪಾ, ಇಷ್ಟು ಲಗೂನೇ?’

‘ಆರರ ತನಕ ಮೈಕ್ ಹಚ್ಚಂಗಿಲ್ರಿ ಸಾಹೇಬ್ರ, ರೂಲ್ಸ್ ಅದಾವ,’ ಅಂದ. ಐದು ನಿಮಿಷ ಜಾಸ್ತಿಯೇ ಕಾದಿದ್ದನಂತೆ. ಕಲಬುರಗಿಯಲ್ಲಿ ಆ ನಿಯಮ ಪಾಲಿಸಿದವರನ್ನು ನಾನು ಕಂಡಿದ್ದು ಅದೇ ಮೊದಲು.

ಹೋದೆ. ಎಬ್ಬಿಸಿಬಿಟ್ಟಿದ್ದಾನೆ, ಇನ್ನೇನು ಮಾಡೋದು? ನೋಡಿದರೆ ಅರ್ಧ ಓಣಿ ಆಕಳಿಸುತ್ತಾ ಸಾಲಿನಲ್ಲಿ ನಿಂತಿತ್ತು. ಸೂಜಿ ಹಾಕುವವರು ನಮ್ಮ ಓಣಿಯ ಕೊನೆಮನೆಗೆ ಬಾಡಿಗೆಗೆ ಬಂದವರು, ಮೆತ್ತಗಿನ ಮನುಷ್ಯ. ಮಣಿಕಟ್ಟಿನ ಗೆರೆಯ ಮೇಲೆ ಒಂದು ಸೂಜಿ. ಆ ಜಾಗ ಶೆನ್‌ಮೆನ್, ಅಂದರೆ ಚೇತನದ ಬಾಗಿಲು. ಕಾಲಗಿಣ್ಣಿನಿಂದ ನಾಲ್ಕು ಬೆರಳು ಮೇಲೆ ಒಂದು. ಕಿವಿಯ ಹಿಂದೆ ಇನ್ನೊಂದು. ಅದು ಅನ್‌ಮಿಯಾನ್, ನೆಮ್ಮದಿಯ ನಿದ್ದೆ. ಅರ್ಧ ಗಂಟೆ ಅಲುಗಾಡಬೇಡಿ ಅಂದರು. ಸುಳ್ಳು ಯಾಕೆ, ಜೊಂಪು ಹತ್ತಿತು. ಫ್ಯಾನ್ ತಿರುಗುತ್ತಿತ್ತು, ಫೋನ್ ಹೊರಗಿತ್ತು, ಯಾರೂ ಮಾತಾಡಿಸುತ್ತಿರಲಿಲ್ಲ. ಸೂಜಿ ಇಲ್ಲದೆ ಹೀಗೇ ಮಲಗಿಸಿದ್ದರೂ ಬರುತ್ತಿತ್ತೇನೋ!

ಈ ಅನುಮಾನ ನನ್ನೊಬ್ಬನದಲ್ಲ. ಇದನ್ನು ಪರೀಕ್ಷಿಸಲೆಂದೇ ಸಂಶೋಧಕರು ಹುಸಿ ಸೂಜಿ ಮಾಡಿಕೊಂಡಿದ್ದಾರೆ. ಚರ್ಮಕ್ಕೆ ತಾಗುತ್ತದೆ, ಚುಚ್ಚುವುದಿಲ್ಲ. ಒತ್ತಿದರೆ ತನ್ನ ಹಿಡಿಯೊಳಗೇ ಸರಿದುಕೊಳ್ಳುತ್ತದೆ. 2012ರಲ್ಲಿ, ಚಿಕಿತ್ಸೆಗಳ ಪುರಾವೆಯನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ 33 ಪ್ರಯೋಗಗಳನ್ನು ಜಾಲಾಡಿ, ನಿದ್ದೆಗೆ ಅಕ್ಯುಪಂಕ್ಚರ್ ಕೆಲಸ ಮಾಡುತ್ತದೆ ಅನ್ನಲಿಕ್ಕೂ ಇಲ್ಲ ಅನ್ನಲಿಕ್ಕೂ ಗಟ್ಟಿ ಪುರಾವೆ ಸಾಲದು ಎಂದಿತು.

ಹುಸಿ ಸೂಜಿ ನೋಡಲು ನಾವು ದೂರ ಹೋಗಬೇಕಿಲ್ಲ ಬಿಡಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮವೇ ಇದೆಯಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು, ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಮದುವೆ ಮೆರವಣಿಗೆಯ ಡಿಜೆಗೆ ಈ ಸೂಜಿ ಹೋಗಿ ತಾಗುತ್ತದೆ. ಆಮೇಲೆ ಮೆಲ್ಲಗೆ ಹಿಡಿಯೊಳಗೆ ಸರಿದುಕೊಳ್ಳುತ್ತದೆ. ಡಿಜೆಗೆ ನೋವಿಲ್ಲ, ನಿಯಮಕ್ಕೂ ನೋವಿಲ್ಲ. ಚುಚ್ಚಿಸಿಕೊಳ್ಳಲು ನಾವಿದ್ದೇವೆ.

ಶಿಬಿರದಿಂದ ಹೊರಡುವಾಗ ಸೂಜಿಯವರು ಬುದ್ಧಿಮಾತು ಹೇಳಿದರು: ‘ಮಲಗೋ ಖೋಲಿ ತಂಪಿರಬೇಕ್ರಿ, ಕತ್ತಲಿರಬೇಕ್ರಿ, ಸಪ್ಪಳ ಇರಬಾರದ್ರಿ.’ ಮೂರರಲ್ಲಿ ಕತ್ತಲನ್ನು ಕರೆಂಟಿನವರು ಒದಗಿಸುತ್ತಾರೆ. ಉಳಿದವು? ಮೇ ತಿಂಗಳು, ಮನೆಗೆ ಶಹಾಬಾದ್ ಕಲ್ಲಿನ ಛಾವಣಿ. ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯಿಡೀ ಉಗುಳುತ್ತದೆ. ಮಾಳಿಗೆ ಮೇಲೆ ಚಾಪೆ ಹಾಸಿದರೆ ಹಂಚಿನ ಮೇಲಿನ ಜೋಳದ ರೊಟ್ಟಿಯ ಪಾಡು. ಆಗಾಗ ಮಗುಚಿ ಹಾಕಿಕೊಳ್ಳಬೇಕು.

ಅವತ್ತು ರಾತ್ರಿಯೂ ಹನ್ನೊಂದೂವರೆಗೆ ಡಿಜೆ ಬಂತು. ಕಿಟಕಿ ಗಾಜು ಕುಣಿಯಿತು. ಒಂದು ಗಂಟೆಗೆ ಶೆನ್‌ಮೆನ್ ಬಾಗಿಲು ಸ್ವಲ್ಪ ತೆರೆದಂತಾಯಿತು. ಎರಡಕ್ಕೆ ಹೆಂಡತಿ ಅಲುಗಾಡಿಸಿದಳು.

‘ನಳ ಬಂದಾವ, ಏಳ್ರಿ.’

ಎದ್ದೆ. ಮೋಟರ್ ಹಚ್ಚಿ ಬ್ಯಾರಲ್ ತುಂಬಿಸುತ್ತಾ ನಿಂತೆ. ಕೊನೆಮನೆಯಿಂದ ಎರಡು ಖಾಲಿ ಕೊಡ ಹಿಡಿದು ನಮ್ಮ ಅಕ್ಯುಪಂಕ್ಚರಿನವರು ದಡದಡ ಬಂದರು. ನಿದ್ದೆ ಹೇಗಿದೆ ಎಂದು ಕೇಳಲು ಬಂದಿದ್ದಾರೆ ಅಂದುಕೊಂಡೆ.

‘ನಿದ್ದಿ ಆಮ್ಯಾಲ ನೋಡೋಣಂತ್ರಿ ಸಾಹೇಬ್ರ. ಮೊದಲು ಆ ಮೋಟರ್ ಬಂದ್ ಮಾಡ್ರಿ, ನಮ್ಮ ಕಡೆ ಒಂದು ಹನಿ ಬರವಲ್ದು.’