ಮಗನ ಹೆಸರಿಗೊಂದು ಮ್ಯಾಚಿಂಗ್ ಪೀಸ್

ಸೀರೆ ಹಿಡಿದುಕೊಂಡು ಮ್ಯಾಚಿಂಗ್ ಸೆಂಟರ್‌ಗೆ ಹೋಗಿ ಬ್ಲೌಸ್ ಪೀಸ್ ಆರಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಈಗ ಅದೇ ಶ್ರದ್ಧೆಯಲ್ಲಿ ಗಂಡುಮಗುವಿಗೆ ಮಿಡಲ್ ನೇಮ್ ಹುಡುಕುತ್ತಿದ್ದಾರೆ. ಮುಂದೆ ‘ಆರವ್’ ಅಂತ ಗಟ್ಟಿಯಾಯಿತು, ಹಿಂದೆ ‘ಗೌಡ’ ಹೇಗೂ ಇದೆ, ನಡುವೆ ಯಾವುದು ಒಪ್ಪುತ್ತೆ? ವಾಟ್ಸಾಪ್ ಗ್ರೂಪಿನಲ್ಲಿ ಪೋಲ್ ಹಾಕಿದ್ದಾರೆ. ಇಶಾನ್‌ಗೆ ಹನ್ನೊಂದು ವೋಟು, ವೇದಾಂತ್‌ಗೂ ಹನ್ನೊಂದು. ಮೈಸೂರಿನ ದೊಡ್ಡಮ್ಮ ಎರಡಕ್ಕೂ ಒತ್ತಿದ್ದಾರೆ.

ನಡುವಿನ ಜಾಗ ಖಾಲಿ ಅಂತ ಇವರಿಗೆ ಹೇಳಿದವರು ಯಾರು? ಅಲ್ಲಿ ಅಪ್ಪ ಕೂತಿದ್ದಾನಲ್ಲ! ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ: ಊರು, ಅಪ್ಪ, ತಾನು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ಅದೇ ಸಾಲು. ಧಾರವಾಡದ ಕಡೆ ಹೋದರೆ ಸಾಲು ಮಗ್ಗುಲು ಬದಲಿಸುತ್ತದೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ: ತಾನು, ಅಪ್ಪ, ಮನೆತನ. ಎರಡು ಕಡೆಯೂ ನಡುವಿನ ಸೀಟು ಅಪ್ಪನದೇ. ಅದು ಮ್ಯಾಚ್ ಆಗುತ್ತಾ ಅಂತ ಯಾರೂ ಕೇಳುತ್ತಿರಲಿಲ್ಲ. ಆಗದಿದ್ದರೆ ಏನು, ಅಪ್ಪನನ್ನು ಬದಲಾಯಿಸಬೇಕಿತ್ತೇ? ಈಗಿನ ಅಪ್ಪ ‘ಪ್ರದೀಪ್ ಕುಮಾರ್’. ಅದು ಹಳೇ ಸ್ಟಾಕು ಅಂತ ಹೆಂಡತಿ ಮೊದಲ ಸುತ್ತಿನಲ್ಲೇ ತೆಗೆದುಹಾಕಿದ್ದಾಳೆ, ಅವನೂ ಒಪ್ಪಿದ್ದಾನೆ.

ಹೋಗಲಿ, ಆರಿಸಲೇಬೇಕು ಅಂದರೆ ಕ್ರಮ ಹೀಗಿದೆ. ಮೊದಲು ಜೋಯಿಸರು. ಒಂದು ನಕ್ಷತ್ರಕ್ಕೆ ನಾಲ್ಕು ಪಾದ, ಪಾದಕ್ಕೊಂದು ಅಕ್ಷರ. ಅಶ್ವಿನಿಯಾದರೆ ಪುಣ್ಯ: ಚು, ಚೆ, ಚೊ, ಲ. ಮಗು ಆರಿದ್ರೆಯ ಮೂರನೇ ಪಾದದಲ್ಲಿ ಹುಟ್ಟಿದರೆ ಸಿಗುವುದು ‘ಙ’. ಹಸ್ತದ ಮೂರನೆಯದು ‘ಣ’, ಉತ್ತರಾಭಾದ್ರದ ಕೊನೆಯದು ‘ಞ’. ಹಿರಿಯರು ಇದಕ್ಕೆ ದಾರಿ ಮಾಡಿಟ್ಟಿದ್ದರು: ನಕ್ಷತ್ರನಾಮ, ಮಾಸನಾಮ ಬೇರೆ, ಕರೆಯುವ ವ್ಯವಹಾರನಾಮ ಬೇರೆ. ಮೊದಲಿನವು ತಟ್ಟೆಯ ಅಕ್ಕಿಯ ಮೇಲೆ ಬರೆಸಿಕೊಂಡು, ಮಗುವಿನ ಕಿವಿಗೆ ಬಿದ್ದು, ಅಲ್ಲೇ ಉಳಿಯುತ್ತಿದ್ದವು. ಅಕ್ಕಿ ಪಾಯಸಕ್ಕೆ ಹೋಗುತ್ತಿತ್ತು. ಈಗ ಕಿವಿಯ ಹೆಸರೂ ಆಧಾರ್ ಕಾರ್ಡಿಗೇ ಹೋಗಬೇಕಂತೆ, ನಡುವಿನ ಸೀಟಿಗೆ.

ಆಮೇಲೆ ನ್ಯೂಮರಾಲಜಿ. ಕನ್ನಡದ ಮಗು, ಸಂಸ್ಕೃತದ ಹೆಸರು, ಲೆಕ್ಕ ಇಂಗ್ಲಿಷ್ ಅಕ್ಷರದ್ದು, ಪಟ್ಟಿ ಹಳೇ ಬ್ಯಾಬಿಲೋನ್ ಸೀಮೆಯ ಕಾಲ್ಡಿಯಾದ್ದು. ಎ ಅಂದರೆ ಒಂದು, ಆರ್ ಎರಡು, ವಿ ಆರು. ಆರವ್‌ನಲ್ಲಿ ಎ ಮೂರು, ಆರ್ ಒಂದು, ವಿ ಒಂದು. ಒಟ್ಟು 11, ಅಂದರೆ 2. ಎರಡು ‘ವೀಕು’. ಇನ್ನೊಂದು ಎ ಸೇರಿಸಿ, 12 ಆಗುತ್ತದೆ, ಅಂದರೆ 3, ಗುರು ಬಂದ. ಮಗು ಮುಂದೆ ಜೀವಮಾನವಿಡೀ ‘ಟ್ರಿಪಲ್ ಎ’ ಅಂತ ಫೋನಿನಲ್ಲಿ ಹೇಳಿಕೊಂಡು ತಿರುಗಬೇಕು, ಅದು ಅವನ ಪಾಡು. ಮುಖ್ಯಮಂತ್ರಿಯೇ 2019ರಲ್ಲಿ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ತಿದ್ದಿಕೊಂಡ ರಾಜ್ಯ ಇದು.

ಕಿವಿಯ ಪರೀಕ್ಷೆ ಮಾತ್ರ ಯಾರೂ ಮಾಡುವುದಿಲ್ಲ. ಮೂರನೇ ಮಹಡಿಯಿಂದ ಕೂಗಿ ನೋಡಿ: ‘ಆರವ್ ವೇದಾಂತ್’ ಎರಡು ವಕಾರ ಢಿಕ್ಕಿ ಹೊಡೆದು ‘ಆರವ್ವೇದಾಂತ್’ ಆಗಿ, ನಡುವೆ ಅವ್ವ ಎದ್ದು ಬರುತ್ತಾಳೆ. ‘ಅಥರ್ವ ಈಶಾನ್’ ಬೇಗ ಹೇಳಿದರೆ ಗುಣಸಂಧಿಯಾಗಿ ‘ಅಥರ್ವೇಶಾನ್’. ಎರಡು ಹೆಸರಿನ ಖರ್ಚು, ಒಂದರ ಫಲ. ಇನಿಶಿಯಲ್ಲನ್ನೂ ಬರೆದು ನೋಡಿ. ಪ್ರಣವ್ ಇಶಾನ್ ಗೌಡ ಕಾರ್ಡಿನ ಮೇಲೆ ಚೆಂದ, ಕ್ಲಾಸಿನ ಹಾಜರಿಯಲ್ಲಿ ಪಿ.ಐ.ಜಿ.

ಇಷ್ಟೆಲ್ಲ ಆದ ಮೇಲೆ ಫಾರಂ ಬರುತ್ತದೆ. ಪಾಸ್‌ಪೋರ್ಟಿನಲ್ಲಿ ನಡುವಿನ ಕಲಮೇ ಇಲ್ಲ. ಗಿವನ್ ನೇಮ್, ಸರ್‌ನೇಮ್, ಎರಡೇ. ಹುಡುಕಿ ತಂದ ಮ್ಯಾಚಿಂಗ್ ಮೊದಲ ಹೆಸರಿನ ಬಾಲವಾಗುತ್ತದೆ, ವಿಮಾನದ ಟಿಕೆಟ್ಟಿನಲ್ಲಿ ಅದೂ ಅಂಟಿಕೊಂಡು ಒಂದೇ ಉದ್ದ ಪದ. ಪ್ಯಾನ್ ಫಾರಂನಲ್ಲಿ ಮೂರು ಕಲಮುಗಳಿವೆ, ಆದರೆ ಸರ್‌ನೇಮಿನಲ್ಲಿ ಇನಿಶಿಯಲ್ ನಡೆಯದು. ಚಿಕ್ಕನಾಯಕನಹಳ್ಳಿಯ ‘ಸಿ’ಯನ್ನು ಬಿಡಿಸಿ ಸರ್‌ನೇಮಿನ ಕಲಮಿಗೆ ತುಂಬಿಕೊಂಡು ಹೋದವರನ್ನು ಅಮೆರಿಕದ ಹಲ್ಲಿನ ಡಾಕ್ಟರ ಬಳಿ ‘ಮಿಸ್ಟರ್ ಚಿಕ್’ ಎಂದು ಕೂಗುತ್ತಾರೆ. ಗಿವನ್ ನೇಮ್ ಖಾಲಿ ಬಿಟ್ಟವರ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂಬ ಅರ್ಥ. ಯುಎಇ ನವೆಂಬರ್ 2022ರಲ್ಲಿ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಇಲ್ಲ ಎಂದಿತು. ಗಲಾಟೆಯಾದ ಮೇಲೆ, ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ಆದೀತು ಎಂದರು. ಅಲ್ಲೂ ಅಪ್ಪನೇ ಬೇಕಾಯಿತು.

ತಪ್ಪಾದರೆ ತಿದ್ದಿಸಬಹುದು, ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ ಎರಡೇ ಅವಕಾಶ. ಜನನ ನೋಂದಣಿಯಲ್ಲಿ ಹೆಸರು ಸೇರಿಸಲು ಹನ್ನೆರಡು ತಿಂಗಳು ಶುಲ್ಕವಿಲ್ಲ. ಆಮೇಲೆ ಹದಿನೈದು ವರ್ಷದವರೆಗೆ ತಡದ ಶುಲ್ಕ ಕಟ್ಟಬೇಕು. ಪೋಲ್ ಇನ್ನೂ ಹನ್ನೊಂದು–ಹನ್ನೊಂದರಲ್ಲೇ ನಿಂತಿದೆ. ಆಸ್ಪತ್ರೆಯಿಂದ ಬಂದ ಪ್ರಮಾಣಪತ್ರ ಬೀರುವಿನಲ್ಲಿದೆ. ಮಗುವಿನ ಹೆಸರಿನ ಸಾಲು ಖಾಲಿ. ತಂದೆಯ ಹೆಸರು: ಪ್ರದೀಪ್ ಕುಮಾರ್.