ಭಾನುವಾರವೇ ಹಳಿ ರಿಪೇರಿ ಯಾಕೆ?

ಇಂಗ್ಲೆಂಡಿನಲ್ಲಿ ಓದುವ ನನಗೆ ಬಿಡುವು ಸಿಗುವುದೇ ಭಾನುವಾರ. ನವೆಂಬರ್‌ನಲ್ಲಿ ಗೆಳತಿ ಜೊತೆ ಲಂಡನ್ನಿನಿಂದ ಬ್ರೈಟನ್, ಅಲ್ಲಿಂದ ಈಸ್ಟ್‌ಬೋರ್ನ್, ಒಂದೇ ದಿನದಲ್ಲಿ ಎರಡೂ ಕಡಲೂರು ನೋಡಿ ಬರೋಣ ಅಂತ ಹೊರಟೆವು. ಬ್ರೈಟನ್ ತೀರದಲ್ಲಿ ಮರಳಿಗಿಂತ ಉರುಟು ಕಲ್ಲೇ ಜಾಸ್ತಿ, ಆದರೂ ಕಡಲೊಳಗೆ ಚಾಚಿಕೊಂಡ 1899ರ ಆ ಪಿಯರ್ (ಅಟ್ಟೆಸೇತುವೆ) ಮೇಲೆ ನಿಂತು ಬಿಸಿ ಚಿಪ್ಸ್ ತಿಂದದ್ದು ಖುಷಿಯಾಗಿತ್ತು. ಸ್ಟೇಷನ್‌ಗೆ ಬಂದರೆ ಹಳಿ ರಿಪೇರಿಯಂತೆ, ರೈಲಿಲ್ಲ, ಬದಲಿ ಬಸ್ ಹತ್ತಿ ಅಂದರು. ಚಳಿಗಾಳಿಯಲ್ಲಿ ಮುಕ್ಕಾಲು ಗಂಟೆ ಕ್ಯೂ! ಬಸ್ಸು ದಾರಿಯಲ್ಲಿ ಸಿಗುವ ಲೂಯಿಸ್ ಊರು ದಾಟುವಷ್ಟರಲ್ಲಿ ನಾಲ್ಕೂಕಾಲು, ಸೂರ್ಯ ಮುಳುಗಿಯಾಯ್ತು. ಈಸ್ಟ್‌ಬೋರ್ನ್ ಪಕ್ಕದ ಬೀಚಿ ಹೆಡ್‌ನ ಬಿಳಿ ಸುಣ್ಣಕಲ್ಲಿನ ಬಂಡೆ ನೋಡಬೇಕಂತ ತಿಂಗಳಿಂದ ಕಾದಿದ್ದಳು ಪಾಪ, ಕತ್ತಲಲ್ಲಿ ಏನು ಕಾಣಬೇಕು? ರಿಪೇರಿ ಬೇಕು, ಒಪ್ಪುತ್ತೇನೆ. ಆದರೆ ಟಿಕೆಟ್‌ಗೆ ಪೂರ್ತಿ ದುಡ್ಡು ತಗೊಳ್ಳುವಾಗಲೇ ಒಂದು ಮಾತು ಹೇಳಬಹುದಿತ್ತು ಅಲ್ವಾ?